ಕರಿಧೂಪದ ರಾಳವನ್ನು ಯಾವಾಗ ತೆಗೆಯಬೇಕು: ಕೊಡಗಿನ ತೋಟದವರಿಗೂ ಕಾಡಂಚಿನವರಿಗೂ ಸಮಗ್ರ ಮಾರ್ಗದರ್ಶಿ

ಕರಿಧೂಪವೆಂದರೆ ಧೂಪಕ್ಕೂ ಔಷಧಕ್ಕೂ ಒದಗುವ ಕಪ್ಪು ರಾಳವನ್ನು ತೊಗಟೆಯಿಂದ ಒಸರುವ ಮರ. ಕೊಡಗಿನಲ್ಲಿ ಇದರ ರಾಳ ತೆಗೆಯುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಎರಡು. ತಂದ ರಾಳ ಚೀಲದೊಳಗೇ ಮೆತ್ತಗಾಗಿ, ಗೋಣಿಯ ನಾರು ಮತ್ತು ತೊಗಟೆಯ ಚೂರುಗಳೊಂದಿಗೆ ಮುದ್ದೆಗಟ್ಟುತ್ತದೆ, ವ್ಯಾಪಾರಿ ಅದನ್ನು ಕಡೆಯ ದರ್ಜೆಗೆ ತಳ್ಳುತ್ತಾನೆ ಎಂಬುದು ಮೊದಲನೆಯದು. ಆರಂಭದಲ್ಲಿ ಧಾರಾಳವಾಗಿ ಒಸರಿದ ಮರ ಕೆಲವೇ ವರ್ಷಗಳಲ್ಲಿ ಬತ್ತಿ, ತುದಿಯಿಂದ ಒಣಗತೊಡಗುತ್ತದೆ ಎಂಬುದು ಎರಡನೆಯದು. ಇವೆರಡನ್ನೂ ಬೇರೆ ಬೇರೆ ತೊಂದರೆಗಳೆಂದು ತಿಳಿದು, ಒಂದಕ್ಕೆ ಒಳ್ಳೆಯ ಚೀಲವನ್ನೂ ಇನ್ನೊಂದಕ್ಕೆ ಗೊಬ್ಬರವನ್ನೂ ಹುಡುಕುವವರೇ ಹೆಚ್ಚು. ಆದರೆ ಎರಡಕ್ಕೂ ಕಾರಣ ಒಂದೇ: ರಾಳ ಒಸರುವ ಕಾಲವನ್ನೇ ಕೊಯ್ಲಿನ ಕಾಲವೆಂದು ಎಣಿಸಿರುವುದು.

ಕರಿಧೂಪದ ಮರ ಹೆಚ್ಚಾಗಿ ಒಸರುವುದು ಸೆಕೆ ಏರುವ ಏಪ್ರಿಲ್‌ನಿಂದ ಮಳೆ ಹಿಂದೆಗೆಯುವ ನವೆಂಬರ್‌ವರೆಗೆ. ಹಾಗೆ ಒಸರಿದ್ದು ಗಾಳಿಗೆ ಆರಿ, ಗಟ್ಟಿಯಾಗಿ, ಸ್ವಚ್ಛವಾಗಿ ಕೈಗೆ ಬರುವುದು ಜನವರಿಯ ಹೊತ್ತಿಗೆ. ದಕ್ಷಿಣದ ಘಟ್ಟಗಳ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದಾಖಲಾದ ಕ್ರಮವೂ ಇದೇ. ಕೊಡಗಿನ ಲೆಕ್ಕದಲ್ಲಿ ಹೇಳುವುದಾದರೆ, ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಬರುವ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಆರಂಭಿಸಿ, ಮರ ಕೆಂಪು ಚಿಗುರು ಬಿಡುವ ಮೊದಲು ಮುಗಿಸಬೇಕಾದ ಕೆಲಸವಿದು. ಆದರೆ ಇದೂ ಹೊರಗಿನ ಗಡಿ ಮಾತ್ರ. ಆ ಗಡಿಯೊಳಗೆ ಯಾವ ಮರಕ್ಕೆ ಯಾವ ದಿನ ಎಂಬುದನ್ನು ಪಂಚಾಂಗ ಹೇಳುವುದಿಲ್ಲ. ಮರದ ಗಾಯ, ಅಂದರೆ ರಾಳ ಬರಿಸಲು ತೊಗಟೆಯಲ್ಲಿ ಮಾಡಿದ ಕಡಿತ, ಮತ್ತು ರಾಳದ ಗಟ್ಟಿತನ ಹೇಳುತ್ತವೆ. ಮುಂದಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಿ. ನಾಲ್ಕನೆಯ ಮತ್ತು ಐದನೆಯ ಹಂತಗಳನ್ನು ಬಿಟ್ಟು ನೇರವಾಗಿ ಕೊಯ್ಲಿಗೆ ಹೋದರೆ ಉಳಿದ ಎಚ್ಚರಿಕೆಗಳಿಂದ ಪ್ರಯೋಜನವಿಲ್ಲ.

ಹಂತ 1: ಮರ ಯಾರ ನೆಲದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಜೀವಿಧಾಮಗಳ ಗಡಿಯೊಳಗೆ ಅನುಮತಿಯಿಲ್ಲದೆ ಯಾವ ಕಾಡುತ್ಪನ್ನಕ್ಕೂ ಕೈಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಇನ್ನೊಂದೆಡೆ, ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿ ಬುಡಕಟ್ಟುಗಳಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಇರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ. ಹಾಡಿಗಳಲ್ಲಿರುವ ಜೇನು ಕುರುಬರು, ಬೆಟ್ಟ ಕುರುಬರು, ಯರವರು ಹಾಗೂ ಘಟ್ಟದ ಮೇಲಿನ ಕುಡಿಯರು ಈ ಹಕ್ಕಿನಡಿ ಸಂಗ್ರಹಿಸುವಾಗ ಗ್ರಾಮಸಭೆಯ ತೀರ್ಮಾನದ ಪ್ರತಿಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮಾರಾಟಕ್ಕೆ ಒಯ್ಯುವ ಮೊದಲು ಸಾಗಣೆ ಪರವಾನಗಿಯ ವಿಷಯವನ್ನೂ ಗ್ರಾಮಸಭೆಯ ಸಮಿತಿಯೊಂದಿಗೆ ಇತ್ಯರ್ಥ ಮಾಡಿಕೊಳ್ಳಬೇಕು.

ಕಾಫಿ ತೋಟದ ಮರವೆಂದರೆ ತೋಟದವರದೇ ಮರ ಎಂದು ತಿಳಿಯುವುದೂ ಸರಿಯಲ್ಲ. ಬಾಣೆ ಜಮೀನುಗಳಲ್ಲಿ, ಅಂದರೆ ಕೊಡಗಿನಲ್ಲಿ ಗದ್ದೆಗೆ ಸೇರಿದಂತೆ ಬಿಟ್ಟುಕೊಟ್ಟ ಮರಗಳಿರುವ ಎತ್ತರದ ನೆಲದಲ್ಲಿ, ನೆಲದ ಹಕ್ಕು ಮತ್ತು ಮರದ ಹಕ್ಕು ಯಾವಾಗಲೂ ಒಂದೇ ಕೈಯಲ್ಲಿರುವುದಿಲ್ಲ. ಪಹಣಿ ಹಿಡಿದುಕೊಂಡು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ದೇವರಕಾಡಿನ ಮರಗಳನ್ನು ಮುಟ್ಟಬೇಡಿ. ಸುತ್ತಲಿನ ತೋಟಗಳಿಗೆ ಬೀಜ ಬರುವುದು ಬಹುಪಾಲು ಅಂಥ ತಾಣಗಳ ಹಳೆಯ ಮರಗಳಿಂದ. ಅವು ಉಳಿದರಷ್ಟೇ ಈ ಕಸುಬಿಗೆ ಮುಂದಿನ ತಲೆಮಾರಿನ ಮರಗಳಿರುತ್ತವೆ.

ಹಂತ 2: ಮರ ಕರಿಧೂಪವೇ ಹೌದೇ ಎಂದು ನೋಡಿಕೊಳ್ಳಿ

ಧೂಪದ ಮರವೆಂದು ಕೊಡಗಿನಲ್ಲಿ ಕರೆಯುವ ಮರಗಳು ಮೂರಿವೆ, ಮೂರರ ಕಾಲವೂ ಬೇರೆ. ಕರಿಧೂಪ ಅಥವಾ ರಾಳಧೂಪದ ಸಸ್ಯಶಾಸ್ತ್ರೀಯ ಹೆಸರು ಕೆನೇರಿಯಂ ಸ್ಟ್ರಿಕ್ಟಮ್. ಇದರ ಎಲೆ ಸಂಯುಕ್ತ ಎಲೆ. ಒಂದೇ ದಂಟಿನಲ್ಲಿ ಜೋಡಿ ಜೋಡಿಯಾಗಿ ಕಿರುಎಲೆಗಳಿದ್ದು ತುದಿಯಲ್ಲಿ ಒಂಟಿ ಎಲೆ ಇರುತ್ತದೆ. ಎಳೆಯ ಎಲೆಗಳ ಮೇಲೆ ತುಕ್ಕುಬಣ್ಣದ ರೋಮವಿರುತ್ತದೆ ಮತ್ತು ಚಿಗುರಿದಾಗ ಇಡೀ ನೆತ್ತಿ ಕಡುಗೆಂಪಾಗಿ ದೂರದಿಂದಲೇ ಗುರುತು ಸಿಗುತ್ತದೆ. ಬಿಳಿಧೂಪ ಅಥವಾ ಸಾಲುಧೂಪ, ಅಂದರೆ ವಟೇರಿಯಾ ಇಂಡಿಕಾ, ಬಿಡಿ ಎಲೆಯ ಮರ. ರಾಳ ತಿಳಿ ಬಣ್ಣದ್ದು. ಹೆಮ್ಮರ ಅಥವಾ ಮಡ್ಡಿಧೂಪ, ಅಂದರೆ ಐಲಾಂಥಸ್ ಟ್ರೈಫೈಸಾ, ಕೊಂಬೆಯ ತುದಿಗಳಲ್ಲಿ ಉದ್ದನೆಯ ಸಂಯುಕ್ತ ಎಲೆಗಳ ಗೊಂಚಲು ಬಿಡುತ್ತದೆ, ಬೀಜಕ್ಕೆ ತೆಳುವಾದ ರೆಕ್ಕೆಯಿರುತ್ತದೆ. ಹಾಲುಮಡ್ಡಿ ಬರುವುದು ಇದರಿಂದ. ಈ ಬರಹ ಮುಖ್ಯವಾಗಿ ಕರಿಧೂಪವನ್ನು ಕುರಿತದ್ದು. ಉಳಿದೆರಡರ ಬಗ್ಗೆ ಕೊನೆಯಲ್ಲಿ ಅಗತ್ಯವಿರುವಷ್ಟು ಹೇಳಿದೆ.

ಹಂತ 3: ಉಪಕರಣಗಳನ್ನು ಹೊಂದಿಸಿಕೊಳ್ಳಿ

ಬೇಕಾದದ್ದು ಸ್ವಲ್ಪವೇ: ಟೇಲರ್ ಟೇಪು, ಮರಕ್ಕೆ ಸಂಖ್ಯೆ ಬರೆಯಲು ಬಣ್ಣ, ಒಂದು ನೋಟುಪುಸ್ತಕ, ಮೊಂಡಾದ ಬಿದಿರಿನ ಚಕ್ಕೆ, ಮರದ ಸಣ್ಣ ಸುತ್ತಿಗೆ, ಅಗಲ ಬಾಯಿಯ ಬುಟ್ಟಿ, ಒತ್ತು ನೇಯ್ಗೆಯ ಹತ್ತಿಬಟ್ಟೆಯ ಚೀಲಗಳು. ಹೊಸ ಗಾಯ ಮಾಡುವವರಿಗೆ ಮಾತ್ರ ಹರಿತವಾದ ಒಂದು ಉಳಿ ಮತ್ತು ಅದನ್ನು ಒರೆಸಲು ಸ್ಪಿರಿಟ್. ಒಂದು ಮರದ ಕೊಳೆ ಇನ್ನೊಂದಕ್ಕೆ ಹರಡುವುದು ಒರೆಸದ ಉಳಿಯಿಂದಲೇ.

ಕತ್ತಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ನಾನು ಒತ್ತಿ ಹೇಳುತ್ತೇನೆ. ಕೊಡಗಿನಲ್ಲಿ ಕತ್ತಿಯಿಲ್ಲದೆ ತೋಟಕ್ಕೆ ಹೋಗುವುದು ರೂಢಿಯಲ್ಲ. ಆದರೂ ರಾಳದ ಕೆಲಸದಲ್ಲಿ ಮರಕ್ಕೆ ಬೀಳುವ ಕೆಟ್ಟ ಏಟುಗಳೆಲ್ಲ ಕತ್ತಿಯವು. ಬೀಸಿದ ಏಟು ಎಷ್ಟು ಆಳಕ್ಕೆ ಇಳಿಯಿತೆಂದು ಬೀಸಿದವರಿಗೂ ತಿಳಿಯುವುದಿಲ್ಲ.

ಹಂತ 4: ತುಲಾ ಸಂಕ್ರಮಣದ ನಂತರ ಬರಿಗೈಯಲ್ಲಿ ಒಂದು ಸುತ್ತು

ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನ ಅವಧಿಯಲ್ಲಿ ಪ್ರತಿ ಮರವನ್ನೂ ನೋಡಿ ಬರಬೇಕು, ಏನನ್ನೂ ತೆಗೆಯಬಾರದು. ಎದೆಯೆತ್ತರದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಮೇಲೆ, ಸುತ್ತಳತೆ ತೆಗೆದು ಮರದ ಸಂಖ್ಯೆಯೊಂದಿಗೆ ಬರೆದಿಡಿ. ಸುತ್ತಳತೆ 150 ಸೆಂಟಿಮೀಟರ್‌ಗಿಂತ ಕಡಿಮೆಯಿರುವ ಮರವನ್ನು ಪಟ್ಟಿಯಿಂದಲೇ ಕೈಬಿಡಿ ಎಂಬುದು ನನ್ನ ಸಲಹೆ. ಇದಕ್ಕಿಂತ ಸಣ್ಣ ಮರದಲ್ಲೂ ರಾಳ ಬರುತ್ತದೆ. ಆದರೆ ಬೆಳೆಯುವ ವಯಸ್ಸಿನಲ್ಲಿ ಗಾಯವನ್ನು ಮುಚ್ಚಲು ಅದು ವ್ಯಯಿಸುವ ಶಕ್ತಿ ಕಾಂಡದ ಬೆಳವಣಿಗೆಗೆ ಸಿಗದೆ ಹೋಗುತ್ತದೆ.

ಮೇಲೆ ನೋಡಿ ಕಾಯಿ ಇದೆಯೇ ಎಂದು ಪರೀಕ್ಷಿಸಿ. ಕರಿಧೂಪದ ಕಾಯಿಯನ್ನು ಮಂಗಟ್ಟೆಗಳೂ ದೊಡ್ಡ ಕಾಡುಪಾರಿವಾಳಗಳೂ ನುಂಗಿ ಬೀಜವನ್ನು ದೂರ ಬೀಳಿಸುತ್ತವೆ. ಕಾಯಿ ತುಂಬಿದ ಮರಕ್ಕೆ ಆ ವರ್ಷ ಹೊಸ ಗಾಯ ಮಾಡಬಾರದು. ಇದು ಬರಿಯ ಕನಿಕರದ ಮಾತಲ್ಲ. ಇದೇ ಕುಟುಂಬಕ್ಕೆ ಸೇರಿದ ಲೋಬಾನದ ಮರದ ಮೇಲೆ ಎರಿಟ್ರಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಯ ಮಾಡದ ಮರಗಳ ಬೀಜ ಚೆನ್ನಾಗಿ ಮೊಳೆತರೆ, ಸತತವಾಗಿ ಗಾಯ ಮಾಡಿದ ಮರಗಳಲ್ಲಿ ಬೀಜದ ಸಂಖ್ಯೆಯೂ ಮೊಳೆಯುವ ಪ್ರಮಾಣವೂ ಬಹಳ ಕುಸಿದಿದ್ದವು. ರಾಳಕ್ಕೂ ಬೀಜಕ್ಕೂ ಬೇಕಾದ ಆಹಾರ ಒಂದೇ ಕಣಜದಿಂದ ಬರುತ್ತದೆ.

ಈ ಸುತ್ತಿನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಸಹಜವಾಗಿ ಒಸರಿದ ರಾಳ. ಹುಳು ಕೊರೆದಲ್ಲಿ, ಕೊಂಬೆ ಮುರಿದಲ್ಲಿ, ತೊಗಟೆ ಸೀಳಿದಲ್ಲಿ ಕರಿಧೂಪ ತಾನಾಗಿಯೇ ಒಸರುತ್ತದೆ. ನೀಲಗಿರಿ ಸೀಮೆಯ ಕೆಲವೆಡೆ ಗಾಯ ಮಾಡದೆ ಇಂಥ ರಾಳವನ್ನಷ್ಟೇ ಆಯುವ ಪದ್ಧತಿಯಿದೆ. ನಿಮ್ಮ ಮರಗಳಲ್ಲಿ ಇದೇ ಸಾಕಷ್ಟು ಸಿಗುವುದಾದರೆ ಎಂಟನೆಯ ಹಂತದ ಅಗತ್ಯವೇ ನಿಮಗಿಲ್ಲ. ಮಿಸ್ರಿ ಜೇನು, ಅಂದರೆ ಕುಟುಕದ ಪುಟ್ಟ ಜೇನು, ರಾಳ ಒಯ್ಯುತ್ತಿರುವುದು ಕಂಡರೆ ಅದು ಇನ್ನೂ ಹಸಿಯಾಗಿದೆ ಎಂದರ್ಥ, ಏಕೆಂದರೆ ಗೂಡಿಗೆ ಮೆತ್ತಲು ಅದಕ್ಕೆ ಬೇಕಿರುವುದು ಮೆತ್ತನೆಯ ರಾಳ.

ಹಂತ 5: ಗಾಯದ ತುಟಿಯನ್ನು ಓದಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದೂ ಅತ್ಯಂತ ಹೆಚ್ಚು ಕಡೆಗಣಿಸಲ್ಪಟ್ಟದ್ದೂ ಈ ಹಂತ. ರಾಳದ ನಾಳಗಳಿರುವುದು ತೊಗಟೆಯ ಒಳಭಾಗದಲ್ಲಿ. ತೊಗಟೆಗೂ ಮರಕ್ಕೂ ನಡುವೆ ತೆಳ್ಳನೆಯ ಒಂದು ಜೀವಪದರವಿದ್ದು, ಹೊಸ ತೊಗಟೆಯನ್ನೂ ಹೊಸ ಮರವನ್ನೂ ಹುಟ್ಟಿಸುವುದು ಅದೇ. ಗಾಯ ಆ ಪದರವನ್ನು ಮುಟ್ಟದೆ ತೊಗಟೆಯಲ್ಲೇ ನಿಂತಿದ್ದರೆ ಮರ ಅದನ್ನು ಬೇಗ ಮಾಯಿಸಿಕೊಳ್ಳುತ್ತದೆ. ಪದರ ಹರಿದು ಬಿಳಿಯ ಮರ ಕಂಡಿದ್ದರೆ, ಗಾಯದ ಅಂಚುಗಳಿಂದ ಹೊಸ ತೊಗಟೆ ಒಳಮುಖವಾಗಿ ಉಬ್ಬುತ್ತ ಬಂದು ಎರಡು ಕಡೆಯ ತುಟಿಗಳು ಕೂಡುವವರೆಗೆ ಆ ಜಾಗ ಅಣಬೆಗೂ ಹುಳುವಿಗೂ ತೆರೆದ ಬಾಗಿಲು.

ಕಳೆದ ಸಾಲಿನ ಪ್ರತಿ ಗಾಯದ ಮುಂದೆಯೂ ನಿಂತು ನೋಡಿ. ತುಟಿ ದುಂಡಗೆ ಉಬ್ಬಿ, ನಯವಾಗಿ, ಸುತ್ತಲೂ ಒಂದೇ ಸಮನಾಗಿದ್ದರೆ ಮರ ಗೆಲ್ಲುತ್ತಿದೆ. ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾಗಿ ಕಪ್ಪಾಗಿದ್ದರೆ, ಚಪ್ಪಟೆಯಾದ ಕಡೆ ಜೀವಪದರ ಸತ್ತಿದೆ. ಗಾಯದ ಮೇಲಿನ ಮತ್ತು ಕೆಳಗಿನ ತೊಗಟೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಸತ್ತ ಭಾಗ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದಿದೆ. ಬೆಂಕಿಯಿಟ್ಟು ರಾಳ ಬರಿಸಿದ ಹಳೆಯ ಮರಗಳಲ್ಲಿ ಬುಡದ ಸುತ್ತ ಹೀಗೆ ಗಜಗಟ್ಟಲೆ ಟೊಳ್ಳು ಸದ್ದು ಕೇಳುತ್ತದೆ. ಬುಡಕ್ಕೆ ಸೌದೆ ಒಟ್ಟಿ ಸುಡುವ ಆ ಪದ್ಧತಿಯಿಂದ ಹಲವು ವರ್ಷ ರಾಳ ಸೋರುವುದು ನಿಜ, ಆದರೆ ಆ ವರ್ಷಗಳುದ್ದಕ್ಕೂ ಮರ ಒಳಗಿನಿಂದ ಕೊಳೆಯುತ್ತಿರುತ್ತದೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.

ನಿಯಮ ಇಷ್ಟು. ಕಳೆದ ಸಾಲಿನ ಗಾಯಗಳೆಲ್ಲ ಮುಚ್ಚಿದ್ದರೆ ಅಥವಾ ಮುಕ್ಕಾಲು ಮುಚ್ಚಿದ್ದರೆ ಆ ಮರ ಈ ಸಾಲಿನ ಪಟ್ಟಿಯಲ್ಲಿರಲಿ. ಅರ್ಧ ಮುಚ್ಚಿದ್ದರೆ ಇರುವ ರಾಳವನ್ನಷ್ಟೇ ತೆಗೆಯಿರಿ, ಹೊಸ ಗಾಯ ಬೇಡ. ಅದಕ್ಕಿಂತ ಕಡಿಮೆಯಿದ್ದರೆ ಒಣಗಿದ ರಾಳವನ್ನೂ ಹಾಗೆಯೇ ಬಿಡಿ. ನಮ್ಮ ಮೈಮೇಲಿನ ಗಾಯಕ್ಕೆ ಹಕ್ಕಳೆ ಕಟ್ಟುವಂತೆ ಆ ಮರಕ್ಕೆ ಸದ್ಯ ಇರುವ ರಕ್ಷಣೆ ಅದೊಂದೇ.

ಹಂತ 6: ರಾಳ ಬಲಿತಿದೆಯೇ ಎಂದು ಪರೀಕ್ಷಿಸಿ

ಹುತ್ತರಿಯ ನಂತರ, ಕನಿಷ್ಠ ಹತ್ತು ದಿನ ಮಳೆಯಿಲ್ಲದೆ ಕಳೆದ ಮೇಲೆ ಎರಡನೆಯ ಸುತ್ತು ಹೋಗಿ. ಹೊಸದಾಗಿ ಒಸರಿದ ರಾಳ ತಿಳಿಯಾಗಿ, ಜಿಗುಟಾಗಿ ಇರುತ್ತದೆ, ಕಟುವಾದ ಪರಿಮಳ ಬೀರುತ್ತದೆ. ಅದರಲ್ಲಿರುವ ಹಾರಿಹೋಗುವ ತೈಲಾಂಶ ಆರುತ್ತ ಹೋದಂತೆ ಬಣ್ಣ ಕಂದಾಗಿ, ಆಮೇಲೆ ಕಪ್ಪಾಗುತ್ತದೆ. ಇಲ್ಲಿ ಬಹಳಷ್ಟು ಮಂದಿ ಮೋಸಹೋಗುತ್ತಾರೆ: ಹೊರಗಿನ ತೊಗಲು ಕಪ್ಪಾದ ಮಾತ್ರಕ್ಕೆ ಒಳಗು ಗಟ್ಟಿಯಾಗಿದೆ ಎಂದಲ್ಲ. ದಪ್ಪನೆಯ ಗಡ್ಡೆಯ ನಡುಭಾಗ ಆರಲು ಹೊರಭಾಗಕ್ಕಿಂತ ಬಹಳ ಹೆಚ್ಚು ಕಾಲ ಬೇಕು, ಚೀಲದಲ್ಲಿ ಮುದ್ದೆಯಾಗುವುದು ಇಂಥ ಅರೆಬಲಿತ ಗಡ್ಡೆಗಳೇ.

ಪರೀಕ್ಷೆ ಮೂರು ಬಗೆ. ಮೊದಲು ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಬಲಿತಿಲ್ಲ. ಆಮೇಲೆ ಗಡ್ಡೆಯ ಅಂಚಿನಿಂದ ಒಂದು ಚೂರನ್ನು ಮುರಿಯಿರಿ. ಬಲಿತ ರಾಳ ಬಗ್ಗದೆ, ಎಳೆ ಬಿಡದೆ, ಟಕ್ಕನೆ ಚಿಪ್ಪು ಚಿಪ್ಪಾಗಿ ಒಡೆಯುತ್ತದೆ ಮತ್ತು ಮುರಿದ ಮುಖ ಹೊಳೆಯುತ್ತದೆ. ಕೊನೆಯದಾಗಿ ತೆಳುವಾದ ಚಿಪ್ಪೊಂದನ್ನು ಸೂರ್ಯನ ಬೆಳಕಿಗೆ ಹಿಡಿಯಿರಿ. ರಾಶಿಯಲ್ಲಿ ಕಡುಗಪ್ಪಾಗಿ ಕಾಣುವ ಕರಿಧೂಪ, ತೆಳುವಾದಾಗ ಬೆಳಕನ್ನು ಬಿಟ್ಟುಕೊಟ್ಟು ಕೆಂಪು ಮಿಶ್ರಿತ ಕಂದುಬಣ್ಣದಲ್ಲಿ ಪಾರದರ್ಶಕವಾಗಿ ಕಾಣಬೇಕು. ಮಬ್ಬಾಗಿ ಬೆಳ್ಳಗೆ ಕಂಡರೆ ಒಳಗೆ ನೀರಿನ ಅಂಶ ಸಿಕ್ಕಿಕೊಂಡಿದೆ. ಮಡಿಕೇರಿ, ಭಾಗಮಂಡಲದ ಕಡೆಯ ಮಂಜಿನ ಇಳಿಜಾರುಗಳಲ್ಲಿ ಇದು ಸಾಮಾನ್ಯ. ಅಲ್ಲಿನ ಮರಗಳಿಗೆ ಕುಶಾಲನಗರ, ತಿತಿಮತಿ ಕಡೆಯ ಒಣ ಸೀಮೆಯ ಮರಗಳಿಗಿಂತ ಕೆಲವು ವಾರ ಹೆಚ್ಚು ಕಾಯಬೇಕು. ಇಡೀ ಜಿಲ್ಲೆಗೆ ಒಂದೇ ದಿನಾಂಕ ಹೇಳುವವರ ಮಾತನ್ನು ನಂಬಬೇಡಿ.

ಒಂದು ಮರದ ಹತ್ತು ಗಡ್ಡೆಗಳಲ್ಲಿ ನಾಲ್ಕು ಬಲಿತು ಆರು ಬಲಿಯದೆ ಇರುವುದು ಸಹಜ. ಆಗ ನಾಲ್ಕನ್ನಷ್ಟೇ ತೆಗೆಯಿರಿ. ಒಂದೇ ದಿನದಲ್ಲಿ ಮರವನ್ನು ಮುಗಿಸಬೇಕೆಂಬ ಅವಸರ ಹುಟ್ಟುವುದು ಕಾಫಿ ಕೊಯ್ಲಿನಿಂದ. ಅರೇಬಿಕಾ ಮುಗಿದು ರೋಬಸ್ಟಾ ಆರಂಭವಾಗುವ ನಡುವೆ ಸಿಗುವ ಬಿಡುವಿನಲ್ಲೇ ಆಳುಗಳನ್ನು ಕಳಿಸಿ ಎಲ್ಲವನ್ನೂ ಕೆರೆಸಿಬಿಡುವ ತೋಟಗಳಲ್ಲಿ ಹಸಿ, ಬಲಿತದ್ದು ಒಂದೇ ಚೀಲ ಸೇರುತ್ತದೆ. ಇಬ್ಬರು ನುರಿತವರು ವಾರಕ್ಕೊಮ್ಮೆ ಬರುವುದು, ಹತ್ತು ಮಂದಿ ಒಂದು ದಿನ ಬರುವುದಕ್ಕಿಂತ ಮೇಲು.

ಹಂತ 7: ಕೊಯ್ಲಿನ ದಿನ, ಹೊತ್ತು ಮತ್ತು ಕೈ

ಮಂಜು ಆರಿದ ಮೇಲೆ, ಬಿಸಿಲು ಕಾಂಡಕ್ಕೆ ನೇರವಾಗಿ ತಾಗುವ ಮೊದಲು ಕೆಲಸ ಮಾಡಿ. ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 11ರವರೆಗೆ. ರಾತ್ರಿಯ ಚಳಿಗೆ ರಾಳ ಪೆಡಸಾಗಿರುವುದರಿಂದ ಸುತ್ತಿಗೆಯ ಹಗುರವಾದ ಏಟಿಗೇ ಬಿಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಸೆಕೆಗೆ ಅದೇ ರಾಳ ಮೃದುವಾಗಿ ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಆಗ ಕೀಳಲು ಹೋದವರು ತೊಗಟೆಯನ್ನೂ ಕಿತ್ತು ತರುತ್ತಾರೆ.

ಬುಟ್ಟಿಯನ್ನು ಗಡ್ಡೆಯ ಕೆಳಗೆ ಹಿಡಿದು, ಬಿದಿರಿನ ಚಕ್ಕೆಯನ್ನು ಗಡ್ಡೆಯ ಪಕ್ಕಕ್ಕೆ ಆನಿಸಿ, ಚಕ್ಕೆಯ ಹಿಂಬದಿಗೆ ಮೆಲ್ಲಗೆ ತಟ್ಟಿ. ಬಿಟ್ಟುಕೊಟ್ಟಷ್ಟನ್ನು ಪಡೆಯಿರಿ. ಗಾಯಕ್ಕೆ ಅಂಟಿಕೊಂಡ ಕೊನೆಯ ತೆಳುಪದರವನ್ನು ಕೆರೆಯಬೇಡಿ. ಕೆರೆದರೆ ಸಿಗುವುದು ತೊಗಟೆಯ ಪುಡಿ ಬೆರೆತ ಹಿಡಿಯಷ್ಟು ರಾಳ. ಹೋಗುವುದು ಮುಂದಿನ ಮಳೆಗಾಲಕ್ಕೆ ಮರ ಕಟ್ಟಿಕೊಂಡ ಮುಚ್ಚಳ. ಕೈಗೆ ಎಟುಕದ ಎತ್ತರದ ರಾಳಕ್ಕಾಗಿ ಮೆಣಸು ಕೊಯ್ಯುವ ಬಿದಿರಿನ ಏಣಿ ಬಳಸುವವರು ಅದನ್ನು ಕಾಂಡಕ್ಕೆ ಕಟ್ಟಿಯೇ ಹತ್ತಬೇಕು, ಕೆಳಗೆ ಒಬ್ಬರು ಇರಲೇಬೇಕು. ಕಾಡಂಚಿನಲ್ಲಿ ಆನೆಯ ಸುಳಿವು ಇದ್ದ ದಿನ ಕೆಲಸವನ್ನೇ ಮುಂದೂಡಿ. ರಾಳ ಬೆಂಕಿಯನ್ನು ಬೇಗ ಹಿಡಿಯುವ ವಸ್ತು, ಬುಡದಲ್ಲಿ ಒಣ ಎಲೆಯಿರುತ್ತದೆ. ಬೀಡಿ, ಬೆಂಕಿಪೆಟ್ಟಿಗೆ ಹತ್ತಿರ ಬರಬಾರದು.

ಹಂತ 8: ಹೊಸ ಗಾಯ ಬೇಕೇ ಬೇಕೆಂದಾದರೆ

ಐದನೆಯ ಹಂತದಲ್ಲಿ ಪೂರ್ತಿ ತೇರ್ಗಡೆಯಾದ, ಕಾಯಿಯಿಲ್ಲದ, ನೆತ್ತಿ ತುಂಬಿದ ಮರಕ್ಕೆ ಮಾತ್ರ ಈ ಮಾತು. ಕಾಲ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ. ಆಗ ಮಾಡಿದ ಗಾಯದ ಅಂಚು ಒಣ ಹವೆಗೆ ಆರಿ, ಏಪ್ರಿಲ್‌ನ ಮಳೆಗಳಿಗೆ ಮರದ ಬೆಳವಣಿಗೆ ಚುರುಕಾದಾಗ ತುಟಿ ಉಬ್ಬತೊಡಗಿ, ಜೂನ್‌ನ ಮುಂಗಾರಿನ ಹೊತ್ತಿಗೆ ಒಂದಿಷ್ಟು ರಕ್ಷಣೆ ಕಟ್ಟಿಕೊಂಡಿರುತ್ತದೆ. ಮಾರ್ಚ್‌ನಲ್ಲಿ ಮಾಡಿದ ಗಾಯ ಬೇಗ ಒಸರುತ್ತದೆ ಎಂಬ ಕಾರಣಕ್ಕೇ ಹಲವರು ಆ ಕಾಲವನ್ನು ಆಯ್ದುಕೊಳ್ಳುತ್ತಾರೆ. ಆದರೆ ಚಿಗುರಿಗೆ ಆಹಾರ ಹರಿಯುತ್ತಿರುವ ಹೊತ್ತಿನಲ್ಲೇ ಮರಕ್ಕೆ ಎರಡನೆಯ ಖರ್ಚು ಹೊರಿಸಿದಂತಾಗುತ್ತದೆ. ಮೇ ತಿಂಗಳ ಗಾಯವಂತೂ ಹಸಿಯಾಗಿಯೇ ಮಳೆಗೆ ಸಿಕ್ಕಿ ಕೊಳೆಯುತ್ತದೆ.

ಅಳತೆಯ ವಿಷಯದಲ್ಲಿ ನಾನು ಒಪ್ಪುವ ಮಿತಿ ಹೀಗಿದೆ: ಗಾಯದ ಅಗಲ, ಎತ್ತರ ಎರಡೂ 5 ಸೆಂಟಿಮೀಟರ್ ಮೀರಬಾರದು, ಎರಡು ಗಾಯಗಳ ನಡುವೆ ಕಡಿಮೆಯೆಂದರೆ 40 ಸೆಂಟಿಮೀಟರ್ ಗಟ್ಟಿ ತೊಗಟೆ ಇರಬೇಕು, ಒಂದು ಮರಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಗಾಯಗಳನ್ನು ಒಂದೇ ಮಟ್ಟದಲ್ಲಿ ಕಾಂಡದ ಸುತ್ತ ಮಾಡಿದರೆ ಎಲೆಯಿಂದ ಬೇರಿಗೆ ಇಳಿಯುವ ಆಹಾರದ ದಾರಿ ಅಲ್ಲಲ್ಲಿ ಕಡಿದುಹೋಗುತ್ತದೆ. ಆದ್ದರಿಂದ ಒಂದು ಮೇಲೆ, ಒಂದು ಕೆಳಗೆ ಇರಲಿ. ಉಳಿಯನ್ನು ಓರೆಯಾಗಿ ಹಿಡಿದು ಹೊರತೊಗಟೆಯನ್ನು ಪದರ ಪದರವಾಗಿ ತೆಗೆಯುತ್ತ ಬನ್ನಿ. ರಾಳದ ಮೊದಲ ಹನಿ ಕಂಡ ಕ್ಷಣವೇ ಕೈ ನಿಲ್ಲಿಸಿ. ಇನ್ನೊಂದಿಷ್ಟು ಆಳಕ್ಕೆ ಹೋದರೆ ಇನ್ನಷ್ಟು ಬರುತ್ತದೆ ಎಂಬುದು ತಪ್ಪು ಲೆಕ್ಕ. ನಾಳಗಳಿರುವುದು ತೊಗಟೆಯಲ್ಲಿ, ಅದರಾಚೆ ಇರುವುದು ಮರ. ಇಂದು ಮಾಡಿದ ಗಾಯದ ರಾಳವನ್ನು ಮುಂದಿನ ಸಾಲಿನ ಹುತ್ತರಿಯ ನಂತರವೇ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಬಂದು ಗಾಯವನ್ನು ಕೆದಕಿ ತಾಜಾ ಮಾಡುವ ಅಭ್ಯಾಸದಿಂದ ಮೊದಲ ವರ್ಷದ ತೂಕ ಏರುತ್ತದೆ. ಮೂರನೆಯ ವರ್ಷದ ಬತ್ತಿದ ಮರಗಳೆಲ್ಲ ಅದರ ಫಲ.

ಹಂತ 9: ನಿಲ್ಲಿಸುವ ದಿನವನ್ನು ಮರದಿಂದ ತಿಳಿಯಿರಿ

ನೆತ್ತಿಯಲ್ಲಿ ಕೆಂಪು ಚಿಗುರು ಮೊದಲು ಕಂಡ ದಿನ ಆ ಮರದ ಕೆಲಸ ಮುಗಿಯಿತು. ಕೆಲವು ಮರಗಳಿಗೆ ಅದು ಶಿವರಾತ್ರಿಯ ಆಸುಪಾಸು, ಕೆಲವಕ್ಕೆ ಇನ್ನೂ ಮುಂಚೆ. ಚಿಗುರು ಕಾಣದಿದ್ದರೂ ಕಾಫಿಯ ಹೂಮಳೆ ಬಿದ್ದ ಮೇಲೆ ಯಾವ ಮರವನ್ನೂ ಮುಟ್ಟಬೇಡಿ. ಆ ಹೊತ್ತಿಗೆ ಗಾಳಿಯಲ್ಲಿ ತೇವ ಏರಿ ರಾಳ ಮತ್ತೆ ಮೆತ್ತಗಾಗತೊಡಗುತ್ತದೆ, ಹೊಸ ಒಸರೂ ಆರಂಭವಾಗುತ್ತದೆ. ತೆಗೆಯದೆ ಉಳಿದ ಗಡ್ಡೆ ನಷ್ಟವಲ್ಲ. ರಾಳ ನೀರಿನಲ್ಲಿ ಕರಗುವುದಿಲ್ಲ. ಮಳೆಗಾಲ ಕಳೆದ ಮೇಲೂ ಅದು ಅಲ್ಲೇ ಇರುತ್ತದೆ, ಇನ್ನಷ್ಟು ಗಟ್ಟಿಯಾಗಿ.

ಹಂತ 10: ಆರಿಸಿ, ವಿಂಗಡಿಸಿ, ಇಡುವುದು

ಮನೆಗೆ ತಂದ ರಾಳವನ್ನು ಗಾಳಿಯಾಡುವ ನೆರಳಿನಲ್ಲಿ, ಬಿದಿರಿನ ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ. ಕಾಫಿ ಒಣಗಿಸುವ ಕಣದ ಬಿಸಿಲಿಗೆ ಹಾಕಿದರೆ ಒಂದೇ ಮಧ್ಯಾಹ್ನದಲ್ಲಿ ಅಂಟಿಕೊಂಡು ಹಾಳಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಂಕಿಯ ಅಪಾಯವಿದೆ. ತೊಗಟೆ ಅಂಟಿದ ಚೂರುಗಳನ್ನು ಬೇರೆ ಮಾಡಿ. ದೊಡ್ಡ ಗಡ್ಡೆಗಳನ್ನು ಒಡೆದು ಒಳಭಾಗ ನೋಡಿ, ಮೆತ್ತಗಿದ್ದವನ್ನು ಇನ್ನೊಂದು ತಿಂಗಳು ಆರಲು ಬಿಡಿ. ಕೀಲುನೋವಿನ ತೈಲಕ್ಕೂ ಚರ್ಮದ ಲೇಪಕ್ಕೂ ಕೊಳ್ಳುವ ವೈದ್ಯರು ಸ್ವಚ್ಛತೆಗೆ ಬೆಲೆ ಕೊಡುತ್ತಾರೆ; ಧೂಪಕ್ಕೆ ಕೊಳ್ಳುವವರು ಅಷ್ಟು ನೋಡುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಚೀಲದಲ್ಲಿ ಒಯ್ದರೆ ನಷ್ಟ ನಿಮ್ಮದೇ.

ಮರ ಕೊಡುವ ಎಚ್ಚರಿಕೆಗಳು

ಇವುಗಳಲ್ಲಿ ಒಂದು ಕಂಡರೂ ಆ ಮರವನ್ನು ಪಟ್ಟಿಯಿಂದ ತೆಗೆದು, ಗಾಯಗಳೆಲ್ಲ ಮುಚ್ಚುವವರೆಗೆ ಬಿಡಬೇಕು. ನೆತ್ತಿಯ ತುದಿಕೊಂಬೆಗಳು ಬೋಳಾಗುವುದು ಮೊದಲನೆಯದು. ಅಕ್ಕಪಕ್ಕದ ಕರಿಧೂಪಗಳು ಚಿಗುರಿ ಇದೊಂದೇ ಚಿಗುರದಿರುವುದು ಅದರ ಮುನ್ಸೂಚನೆ. ಗಾಯದಿಂದ ರಾಳದ ಬದಲು ತೆಳ್ಳನೆಯ, ಹುಳಿವಾಸನೆಯ ಕಂದು ನೀರು ಇಳಿಯುತ್ತಿದ್ದರೆ ಒಳಗೆ ಕೊಳೆ ಸೇರಿದೆ. ಗಾಯದ ಬುಡದಲ್ಲಿ ನುಣ್ಣನೆಯ ಮರದ ಹುಡಿ ಬಿದ್ದಿದ್ದರೆ ಕೊರಕ ಹುಳು ಮರದೊಳಕ್ಕೆ ಇಳಿದಿದೆ. ಕಾಂಡದ ಮೇಲೆ ಗಟ್ಟಿಯಾದ ಅಣಬೆಯ ತಟ್ಟೆಗಳು ಮೂಡಿದ್ದರೆ ಕೊಳೆ ಬಹಳ ಹಿಂದೆಯೇ ಆರಂಭವಾಗಿದೆ. ಅಂಥ ಮರದ ಮೇಲೆ ಏಣಿ ಹಾಕುವುದೂ ಅಪಾಯ.

ಇನ್ನೊಂದು ಎಚ್ಚರಿಕೆಯನ್ನು ಬಹಳ ಮಂದಿ ಶುಭಸೂಚನೆಯೆಂದು ತಿಳಿಯುತ್ತಾರೆ. ಏಕಾಏಕಿ ಒಂದು ವರ್ಷ ಮರದ ತುಂಬ, ಗಾಯವಿಲ್ಲದ ಕಡೆಯೂ, ರಾಳ ಸುರಿದರೆ ಅದು ಸಮೃದ್ಧಿಯಲ್ಲ. ಹುಳುವಿನ ಅಥವಾ ಬೇನೆಯ ದಾಳಿಗೆ ಮರ ತನ್ನೆಲ್ಲ ಬಲದಿಂದ ಉತ್ತರ ಕೊಡುತ್ತಿದೆ ಎಂದರ್ಥ. ಆ ವರ್ಷ ಅದಕ್ಕೆ ಗಾಯ ಮಾಡುವುದೆಂದರೆ ಕೊಲ್ಲುವುದೇ ಸರಿ.

ಆರೋಗ್ಯವಂತ ಮರಗಳಿಗೂ ಸರದಿ ಬೇಕು. ಮರಗಳನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಹೊಸ ಗಾಯ ಮಾಡಿದರೆ ಪ್ರತಿ ಮರಕ್ಕೂ ಎರಡು ಮಳೆಗಾಲಗಳ ಪೂರ್ಣ ವಿಶ್ರಾಂತಿ ಸಿಗುತ್ತದೆ. ಮೂರೇ ಮರಗಳಿರುವವರಿಗೂ ಇದೇ ಲೆಕ್ಕ.

ಬಿಳಿಧೂಪ ಮತ್ತು ಹಾಲುಮಡ್ಡಿಗೆ ಏನು ಬದಲಾಗುತ್ತದೆ

ಬಿಳಿಧೂಪ ಜನವರಿಯಿಂದ ಮಾರ್ಚ್‌ವರೆಗೆ ಹೂ ಬಿಡುತ್ತದೆ, ಮುಂಗಾರಿನ ಹೊತ್ತಿಗೆ ಕಾಯಿ ಉದುರಿಸುತ್ತದೆ. ಬೀಜ ಒಣಗಿದರೆ ಬದುಕುವುದಿಲ್ಲ, ಬಿದ್ದ ಕೂಡಲೇ ಮೊಳೆಯಬೇಕು. ಹಾಗಾಗಿ ಕರಿಧೂಪಕ್ಕೆ ಸರಿಹೊಂದುವ ಜನವರಿ ಇದಕ್ಕೆ ಹೂವಿನ ಕಾಲ. ಸಹಜವಾಗಿ ಒಸರಿ ಒಣಗಿದ್ದನ್ನು ಡಿಸೆಂಬರ್‌ನೊಳಗೆ ಆಯ್ದುಕೊಳ್ಳಿ, ಹೊಸ ಗಾಯ ಬೇಡವೇ ಬೇಡ. ಒಂದು ಕಾಲದಲ್ಲಿ ಪ್ಲೈವುಡ್‌ಗೆ ಹೋಗಿ ಕಡಿಮೆಯಾದ ಮರವಿದು.

ಹಾಲುಮಡ್ಡಿ ಪೆಡಸಾಗುವುದೇ ಇಲ್ಲ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಜಿಗುಟು ಪದಾರ್ಥ. ಉಗುರಿನ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಕೈಗೆ ಹರಿಯದೆ ಮುದ್ದೆಯಾಗಿ ಬಿಟ್ಟುಕೊಳ್ಳುವಷ್ಟು ದಪ್ಪವಾದಾಗ, ಫೆಬ್ರವರಿಯ ಒಣ ದಿನಗಳಲ್ಲಿ ತೆಗೆದು, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಬೇಕು. ಅಗರಬತ್ತಿಯವರ ಬೇಡಿಕೆಯಿಂದಾಗಿ ಹೆಮ್ಮರಗಳ ಕಾಂಡವನ್ನು ಸುತ್ತಲೂ ಕಡಿಯುವ ಪ್ರಲೋಭನೆ ದೊಡ್ಡದು. ಗಾಯದ ಮಿತಿಯ ಬಗ್ಗೆ ಎಂಟನೆಯ ಹಂತದಲ್ಲಿ ಹೇಳಿದ್ದೆಲ್ಲ ಇದಕ್ಕೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ.

ಪುಸ್ತಕದಲ್ಲಿ ಬರೆಯಬೇಕಾದದ್ದು

ಮರದ ಸಂಖ್ಯೆ, ಸುತ್ತಳತೆ, ಗಾಯಗಳ ಸಂಖ್ಯೆ ಮತ್ತು ಅವು ಎಷ್ಟು ಮುಚ್ಚಿವೆ ಎಂಬುದು, ತೆಗೆದ ದಿನ, ತೂಕ, ಚಿಗುರು ಕಂಡ ದಿನ ಇವಿಷ್ಟನ್ನು ಪ್ರತಿ ಸಾಲೂ ಬರೆಯಿರಿ. ಮೂರು ಸಾಲು ಕಳೆದ ಮೇಲೆ, ನಿಮ್ಮ ತೋಟದಲ್ಲಿ ಯಾವ ಮರ ಬೇಗ ಬಲಿಯುತ್ತದೆ, ಯಾವುದು ತಡ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ತೂಕ ಸತತ ಎರಡು ಸಾಲು ಇಳಿದ ಮರಕ್ಕೆ ಗಾಯ ಹೆಚ್ಚಿಸಬೇಡಿ, ವಿಶ್ರಾಂತಿ ಹೆಚ್ಚಿಸಿ.

ಇದರೊಂದಿಗೆ ಪ್ರತಿ ಮರದ ಸುತ್ತ, ನೆರಳು ಬೀಳುವಷ್ಟು ದೂರದಲ್ಲಿ, ಸಸಿಗಳನ್ನೂ ಎಣಿಸಿ. ಕಾಫಿ ತೋಟಗಳಲ್ಲಿ ಕಳೆ ತೆಗೆಯುವಾಗ ಧೂಪದ ಸಸಿಗಳೂ ಹೋಗಿಬಿಡುತ್ತವೆ. ಮೊಣಕಾಲೆತ್ತರದ ಸಸಿಗೆ ಒಂದು ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿದರೆ ಕಳೆಯವರು ಬಿಟ್ಟು ಹೋಗುತ್ತಾರೆ. ಸಸಿಗಳು ಒಂದೂ ಇಲ್ಲದ ಜಾಗದಲ್ಲಿ, ದೊಡ್ಡ ಮರ ಎಷ್ಟೇ ಆರೋಗ್ಯವಾಗಿದ್ದರೂ, ಹೊಸ ಗಾಯವನ್ನು ನಿಲ್ಲಿಸಿ, ಸಹಜವಾಗಿ ಒಸರಿದ್ದನ್ನು ಮಾತ್ರ ಆಯ್ದುಕೊಳ್ಳಿ. ಸಸಿ ಬೇಕಾದವರು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಅಥವಾ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ನೆಡುವ ಕಾಲ ಜೂನ್‌ನ ಮೊದಲ ಮಳೆಗಳು, ಮತ್ತು ಎಳೆಯ ಸಸಿಗೆ ಮೊದಲ ಎರಡು ಬೇಸಿಗೆ ನೆರಳು ಬೇಕು.